ಯಂತ್ರಕ್ಕೆ ಲಕ್ಷ, ಮನುಷ್ಯನಿಗೆ ಅಲಕ್ಷ್ಯ

ಮುಚ್ಚಿದ್ದ ಚಿತ್ರಮಂದಿರವನ್ನು ಮತ್ತೆ ತೆರೆಯಹೊರಟ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಡಿಜಿಟಲ್ ಪ್ರೊಜೆಕ್ಟರು, ಸರ್ವರುಗಳ ಬೆಲೆಪಟ್ಟಿ ತೋರಿಸಿದ. "ಆಪರೇಟರ್ ಯಾರಪ್ಪಾ?" ಎಂದೆ. "ಬಟನ್ ಒತ್ತಿದರಾಯಿತು ಸಾರ್, ಟಿಕೆಟ್ ಕೊಡುವ ಹುಡುಗನೇ ನೋಡಿಕೊಳ್ಳುತ್ತಾನೆ" ಎಂದ.

ಈ ಮಾತನ್ನು ನಾನು ಒಪ್ಪಲಾರೆ. 35 ಎಂ.ಎಂ. ಕಾಲದಲ್ಲಿ ಸೆಕೆಂಡಿಗೆ 24 ಚಿತ್ರಗಳು ಓಡುತ್ತಿರುವಾಗಲೇ, ಪ್ರೇಕ್ಷಕನಿಗೆ ತಿಳಿಯದಂತೆ ಒಂದು ಯಂತ್ರದಿಂದ ಇನ್ನೊಂದಕ್ಕೆ ದಾಟಿಸುವುದು ಆಪರೇಟರನ ವಿದ್ಯೆಯಾಗಿತ್ತು. ರೀಲು ಹೋಯಿತು, ನಿಜ. ಆದರೆ ಝೆನಾನ್ ದೀಪವನ್ನು ಅವಧಿ ಮೀರಿ ಉರಿಸಿದರೆ ಸಿಡಿಯಬಹುದು. ಫಿಲ್ಟರಿನಲ್ಲಿ ಧೂಳು ಕಟ್ಟಿದರೆ ಯಂತ್ರ ಕಾದು ನಿಲ್ಲುತ್ತದೆ. ಇದನ್ನು ಮುಂಚೆಯೇ ಅರಿಯುವ ಕಣ್ಣು ಬಟನ್ನಿಗಿಲ್ಲ.

ಉಪಕರಣ ಕೊಂಡು, ಸಹಾಯಕನನ್ನು ನೇಮಿಸದೆ ಬೀಗ ಜಡಿದ ಪ್ರಯೋಗಾಲಯಗಳನ್ನು ನಾನು ಕಂಡವನು. ಅಗ್ಗದ ಯಂತ್ರವನ್ನೇ ಕೊಳ್ಳಲಿ. ಉಳಿದ ಹಣದಲ್ಲಿ ಒಬ್ಬನಿಗೆ ಕೆಲಸ ಕಲಿಸಿ, ಮರ್ಯಾದೆಯ ಸಂಬಳ ಕೊಡಲಿ.