ಮಿದುಳಿನ ಲೆಕ್ಕದಲ್ಲಿ ನಮ್ಮ ದೂಳು ಎಲ್ಲಿ?

ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ದೊಡ್ಡ ಅಧ್ಯಯನ ನಡೆಸುತ್ತಿದೆ. 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಗಮನಿಸುವ ಗುರಿ. ರಕ್ತ ಪರೀಕ್ಷೆ, ನೆನಪಿನ ಪರೀಕ್ಷೆ, ಎಂಆರ್‌ಐ ಎಲ್ಲ ಅದರಲ್ಲಿವೆ. ಮರೆವಿನ ಕಾಯಿಲೆ ಯಾರಿಗೆ, ಯಾಕೆ ಬರುತ್ತದೆ ಅಂತ ತಿಳಿಯಲು. ಒಳ್ಳೆ ಕೆಲಸ. ಆದರೆ ಹಳ್ಳಿ ಅಂದರೆ ಬೆಂಗಳೂರಿನ ಹತ್ತಿರದ್ದು ಮಾತ್ರವೇ?

2020ರಲ್ಲಿ ಲ್ಯಾನ್ಸೆಟ್ ಆಯೋಗ ಈ ಕಾಯಿಲೆಯ ಕಾರಣಗಳ ಪಟ್ಟಿಗೆ ವಾಯುಮಾಲಿನ್ಯ ಸೇರಿಸಿತು. ಕಿವಿ ಮಂದವಾಗುವುದು, ಕಡಿಮೆ ಓದು, ಬಿಪಿ, ಶುಗರ್ ಮೊದಲೇ ಇದ್ದವು. ವಾಡಿ, ಸೇಡಂ, ಚಿತ್ತಾಪುರದ ಸಿಮೆಂಟ್ ಕಾರ್ಖಾನೆಗಳ ಸುತ್ತ, ಶಹಾಬಾದಿನ ಫರ್ಸಿ ಗಣಿಗಳಲ್ಲಿ, ಚಿಂಚೋಳಿಯಿಂದ ಗುಳೆ ಹೋಗುವವರ ಮನೆಗಳಲ್ಲಿ ಇದರಲ್ಲಿ ಯಾವುದಿಲ್ಲ ಹೇಳ್ರಿ?

ಮಿದುಳಿನ ಕೆಲಸ ನೋಡುವ ಎಂಆರ್‌ಐ ನಮ್ಮ ವಿಚಾರ ಓದುವುದಿಲ್ಲ. ಯಾವ ಭಾಗ ಕೆಲಸಕ್ಕಿಳಿಯುತ್ತದೋ ಅಲ್ಲಿಗೆ ಆಮ್ಲಜನಕದ ರಕ್ತ ಹೆಚ್ಚು ಹರಿಯುತ್ತದೆ, ಆ ಬದಲಾವಣೆಯನ್ನು ಯಂತ್ರ ಹಿಡಿಯುತ್ತದೆ. ಉಳಿದದ್ದೆಲ್ಲ ಕಂಪ್ಯೂಟರಿನ ಲೆಕ್ಕ. ಲೆಕ್ಕ ಸಡಿಲಾದರೆ? 2009ರಲ್ಲಿ ಅಮೆರಿಕದ ಸಂಶೋಧಕರು ಸತ್ತ ಮೀನನ್ನು ಯಂತ್ರದೊಳಗಿಟ್ಟು ಮನುಷ್ಯರ ಫೋಟೋ ತೋರಿಸಿದರು. ಬಿಗಿ ಲೆಕ್ಕ ಹಾಕದಿದ್ದಾಗ ಸತ್ತ ಮೀನಿನ ಮಿದುಳೂ ಕೆಲಸ ಮಾಡಿದಂತೆ ಕಂಡಿತು! ಲೆಕ್ಕ ಹೇಗೆ ಹಾಕಿದರು ಅನ್ನೋದರಷ್ಟೇ ಲೆಕ್ಕದಲ್ಲಿ ಯಾರಿದ್ದಾರೆ ಅನ್ನೋದೂ ಮುಖ್ಯ. ಮೂವತ್ತು ವರ್ಷ ದೂಳು ಕುಡಿದವರನ್ನು ಬಿಟ್ಟು ತೆಗೆದ 'ಸರಾಸರಿ ಮಿದುಳು' ನಮ್ಮದಲ್ಲ.

ಕಲಬುರಗಿ ಜಿಲ್ಲೆಯಲ್ಲೂ ಇಂಥ ಅಧ್ಯಯನ ಶುರುವಾಗಬೇಕು. ಖರ್ಚನ್ನು ಸರ್ಕಾರ, ಸಿಮೆಂಟ್ ಕಂಪನಿಗಳು ಹಂಚಿಕೊಳ್ಳಲಿ. ತಲೆ ಕೊಟ್ಟವರ ಕೈಗೆ ವರದಿ ಕನ್ನಡದಲ್ಲೇ ಬರಲಿ.