ಕಾವು ಕೂರುವುದೆಂದರೆ ಸುಮ್ಮನೆ ಕೂರುವುದಲ್ಲ



ತರಗತಿಯಲ್ಲಿ ನಾನಾಡಿದ ಒಂದು ಮಾತನ್ನು ಇಂದು ಹಿಂಪಡೆಯುತ್ತಿದ್ದೇನೆ. ಮೊಟ್ಟೆಯಿಡುವುದೂ ಮರಿಗಳಿಗೆ ಗುಟುಕು ನೀಡುವುದೂ ಹಕ್ಕಿಗೆ ಶ್ರಮ, ನಡುವಿನ ಕಾವಿನ ದಿನಗಳು ವಿಶ್ರಾಂತಿ ಎಂದು ನಿಮಗೆ ಹೇಳುತ್ತಿದ್ದೆ. ಅದು ತಪ್ಪು.

1947ರಲ್ಲಿ ಡೇವಿಡ್ ಲ್ಯಾಕ್ ಎಂಬ ಇಂಗ್ಲೆಂಡಿನ ಪಕ್ಷಿವಿಜ್ಞಾನಿ, ಹಕ್ಕಿಗಳು ತಾವು ಸಾಕಬಲ್ಲಷ್ಟು ಮರಿಗಳಿಗೆ ತಕ್ಕಂತೆ ಮೊಟ್ಟೆಯಿಡುತ್ತವೆಂದು ವಾದಿಸಿದರು. ಆ ಲೆಕ್ಕದಲ್ಲಿ ಕಾವಿನ ಖರ್ಚಿಗೆ ಸ್ಥಾನವಿರಲಿಲ್ಲ. ಅನಂತರದ ಸಂಶೋಧಕರು ಗೂಡುಗಳಿಗೆ ಹೆಚ್ಚುವರಿ ಮೊಟ್ಟೆಗಳನ್ನು ಸೇರಿಸಿ ಪರೀಕ್ಷಿಸಿದಾಗ, ಕಾವಿನ ಹೊರೆಯೂ ಹಕ್ಕಿಯನ್ನು ಬಳಲಿಸುವುದೆಂದು ತಿಳಿದುಬಂತು.

ಕಾರಣ ಸರಳ. ಭ್ರೂಣ ಬೆಳೆಯಲು ಮೊಟ್ಟೆ ಸುಮಾರು 36ರಿಂದ 38 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಬೇಕು. ಇದಕ್ಕಾಗಿ ಅನೇಕ ಹಕ್ಕಿಗಳ ಹೊಟ್ಟೆಯ ಪುಕ್ಕ ಉದುರಿ, ಬರಿಯ ಚರ್ಮಕ್ಕೆ ರಕ್ತನಾಳಗಳು ತುಂಬಿಕೊಳ್ಳುತ್ತವೆ. ಒಂಟಿಯಾಗಿ ಕಾವು ಕೊಡುವ ಹಕ್ಕಿ ಆಹಾರಕ್ಕೆಂದು ಎದ್ದುಹೋದರೆ ಮೊಟ್ಟೆ ತಣ್ಣಗಾಗುತ್ತದೆ. ಮರಳಿ ಬಂದು ಅದನ್ನು ಮತ್ತೆ ಬಿಸಿ ಮಾಡಲು ಇನ್ನಷ್ಟು ಶಕ್ತಿ ಬೇಕು. ಏಳದಿದ್ದರೆ ಹಸಿವು. ಅಂಟಾರ್ಕ್ಟಿಕದ ಗಂಡು ಎಂಪರರ್ ಪೆಂಗ್ವಿನ್ ಎರಡು ತಿಂಗಳಿಗೂ ಮೀರಿ ಒಂದೇ ಮೊಟ್ಟೆಯನ್ನು ಪಾದಗಳ ಮೇಲಿಟ್ಟು ಉಪವಾಸವಿರುತ್ತದೆ. ನಮ್ಮ ಬಯಲಿನ ಟಿಟ್ಟಿಭದ ಕಷ್ಟ ಬೇರೆ. ಬಿರುಬಿಸಿಲಿನಲ್ಲಿ ಅದು ಎದೆಹೊಟ್ಟೆಯ ಪುಕ್ಕಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪಾಗಿಸಬೇಕು.

ನಿಮ್ಮಲ್ಲಿ ಕೆಲವರಿಗೆ ಶಾಲೆಯ ಬೇಲಿಯ ದಾಸವಾಳದಲ್ಲಿದ್ದ ಪಿಕಳಾರದ ಗೂಡು ನೆನಪಿರಬಹುದು. ಇಡೀ ತರಗತಿಯನ್ನು ಸಾಲಾಗಿ ನಿಲ್ಲಿಸಿ ನಾನೇ ಕೊಂಬೆ ಬಗ್ಗಿಸಿ ತೋರಿಸಿದೆ. ಪ್ರತಿಸಲವೂ ಹಕ್ಕಿ ಹಾರಿಹೋಯಿತು. ಮೂರನೆಯ ದಿನ ಅದು ಮರಳಲಿಲ್ಲ. ಬೇರೆ ಕಾರಣವೂ ಇದ್ದೀತು. ಆದರೆ ಆ ತಣ್ಣನೆಯ ಮೊಟ್ಟೆಗಳ ಹೊಣೆಯಿಂದ ನಾನು ನುಣುಚಿಕೊಳ್ಳಲಾರೆ.

ಇಂದು ಮೊಬೈಲ್ ಹಿಡಿದು ಗೂಡಿನೊಳಗೆ ಇಣುಕುವವರು ಮಾಡುತ್ತಿರುವುದೂ ಅದನ್ನೇ. ಹಕ್ಕಿಯನ್ನು ಮುಟ್ಟಲಿಲ್ಲ, ಚಿತ್ರವಷ್ಟೇ ತೆಗೆದೆವು ಎನ್ನುವರು. ಎಬ್ಬಿಸಿದ್ದೇ ಹಾನಿಯೆಂಬುದು ಅವರಿಗೆ ಹೊಳೆಯುವುದಿಲ್ಲ.

ನೋಡದೆ ಮಕ್ಕಳು ಕಲಿಯುವುದಾದರೂ ಹೇಗೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ದೂರದ ಕಿಟಕಿಯ ಬಳಿ ಅವರನ್ನು ಕೂರಿಸಿ, ಕೈಗೊಂದು ಗಡಿಯಾರ ಕೊಡಿ. ಹಕ್ಕಿ ಎಷ್ಟು ಹೊತ್ತಿಗೊಮ್ಮೆ ಎದ್ದಿತು, ಎಷ್ಟು ಬೇಗ ಹಿಂದಿರುಗಿತು ಎಂದು ಬರೆದಿಡಲಿ. ನಾನು ಕಲಿಸದೆ ಬಿಟ್ಟ ಪಾಠವನ್ನು ಆ ಅಂಕಿಗಳೇ ಕಲಿಸುತ್ತವೆ.