ಕನ್ನಡಿಯಲ್ಲಿ ಕಾಣದ ಮುಖ

ಬರ್ತ್ ಮೊರಿಸೊ ಎಂಬ ಫ್ರೆಂಚ್ ಕಲಾವಿದೆಯ ತೈಲಚಿತ್ರವೊಂದು ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟಿನಲ್ಲಿದೆ. 1880ರಲ್ಲಿ ಪ್ಯಾರಿಸಿನಲ್ಲಿ ನಡೆದ ಐದನೆಯ ಇಂಪ್ರೆಷನಿಸ್ಟ್ ಪ್ರದರ್ಶನದಲ್ಲಿ ಜನ ನೋಡಿದ ಚಿತ್ರ. ಹೆಣ್ಣೊಬ್ಬಳು ನಮಗೆ ಬೆನ್ನು ತಿರುಗಿಸಿ, ಕೈಯೆತ್ತಿ ತುರುಬು ಸರಿಮಾಡಿಕೊಳ್ಳುತ್ತಿದ್ದಾಳೆ. ಕೊರಳಿಗೆ ಕಪ್ಪು ಪಟ್ಟಿ. ಬಿಳಿ, ತಿಳಿನೇರಳೆ, ಬೂದು ಬಣ್ಣಗಳ ಚುರುಕು ಗೀರುಗಳಲ್ಲಿ ಅವಳ ಉಡುಪೂ ಹಿಂದಿನ ಗೋಡೆಯೂ ಬೆರೆತುಹೋಗಿವೆ. ಎದುರಿಗೆ ಕನ್ನಡಿಯೇನೋ ಇದೆ. ಅದರಲ್ಲಿ ಅವಳ ಮುಖ ಮಾತ್ರ ಇಲ್ಲ. ಗಾಜಿನ ಭರಣಿ, ಪೌಡರಿನ ಕುಚ್ಚು, ಒಂದು ಹೂ, ಅಷ್ಟೇ.

ಹೀಗೆ ತಮ್ಮಲ್ಲೇ ಮುಳುಗಿದ ಹೆಣ್ಣುಗಳು ನಮ್ಮ ಗುಡಿಗಳಲ್ಲೂ ಇದ್ದಾರೆ. ಹುಮನಾಬಾದ್ ಬಳಿಯ ಜಲಸಂಗಿಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಗುಡಿಯಿದೆ. ಅದರ ಗೋಡೆಯ ಮೇಲೆ ಆರನೆಯ ವಿಕ್ರಮಾದಿತ್ಯನನ್ನು ಹೊಗಳಿ ಶಾಸನ ಬರೆಯುತ್ತಿರುವ ಒಬ್ಬ ಚೆಲುವೆ. ಅವಳು ಬರೆದದ್ದನ್ನು ನಾವು ಓದಬಹುದು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವನ ಗುಡಿಗೆ ಬನ್ನಿ: ಸೂರಿನಡಿ ನಿಂತ ದರ್ಪಣಸುಂದರಿ ಕನ್ನಡಿಯಲ್ಲಿ ಕಂಡದ್ದು ಮಾತ್ರ ನಮಗೆ ದಕ್ಕುವುದಿಲ್ಲ. ಬಳಪದ ಕಲ್ಲಿನಲ್ಲಿ ಕೂದಲೆಳೆಯಷ್ಟು ಸಣ್ಣ ಕೆತ್ತನೆ ಸಾಧ್ಯ, ಪ್ರತಿಬಿಂಬ ಹೇಗೆ ಸಾಧ್ಯ?

ಶಿಲ್ಪಿಗೆ ಅದು ಕಲ್ಲಿನ ಮಿತಿ. ಮೊರಿಸೊಗೆ ಅಂಥ ಮಿತಿಯಿರಲಿಲ್ಲ. ನಾಲ್ಕು ಗೀರಿನಲ್ಲಿ ಆ ಮುಖವನ್ನು ತೋರಿಸಬಲ್ಲವಳು ಬೇಕೆಂದೇ ತೋರಿಸಲಿಲ್ಲ. ಅವಳ ಕಾಲದ ಗಂಡಸರು ಕನ್ನಡಿಯ ಮುಂದಿನ ಹೆಣ್ಣನ್ನು ಬರೆದದ್ದು ಕಡಿಮೆಯಲ್ಲ. ಎಷ್ಟೋ ಚಿತ್ರಗಳಲ್ಲಿ ಕನ್ನಡಿಯೆಂದರೆ ನೋಡುವವನಿಗೆ ಸಿಗುವ ಎರಡನೆಯ ನೋಟ. ಮೊರಿಸೊ ಆ ಎರಡನೆಯ ನೋಟವನ್ನು ನಮಗೆ ಕೊಡಲೊಪ್ಪಲಿಲ್ಲ. ಕನ್ನಡಿಯಲ್ಲಿ ಕಂಡದ್ದು ಅವಳದು, ಅವಳೊಬ್ಬಳದೇ. ಇಂಪ್ರೆಷನಿಸಂ ಎಂದರೆ ಬೆಳಕಿನ ಆಟ ಎಂದಷ್ಟೇ ಹೇಳಿ ಮುಗಿಸುವವರು ಈ ದಿಟ್ಟತನವನ್ನು ಗಮನಿಸಬೇಕು. ನನಗಂತೂ ಆ ಬಣ್ಣಗಳಿಗಿಂತ ಇದೇ ದೊಡ್ಡದು.

ಹಾಗೆ ನೋಡಿದರೆ ದರ್ಪಣಸುಂದರಿಯ ಅರೆನಗುವಿಗೂ ಬೇರೆ ಅರ್ಥ ಬರುತ್ತದೆ. ಅದು ನಮ್ಮನ್ನು ಕಂಡು ನಕ್ಕದ್ದಲ್ಲ. ಕೆಳಗೆ ನಿಂತು ಕತ್ತೆತ್ತಿದ ನಾವು ಅವಳ ಲೆಕ್ಕದಲ್ಲೇ ಇಲ್ಲ.

ಇನ್ನೊಂದು ಸಾಮ್ಯ ನನಗೆ ಬಹಳ ಪ್ರಿಯ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಬೇಲೂರಿನಲ್ಲಿ ತಾವು ಕಡೆದ ಮದನಿಕೆಯರ ಅಡಿಯಲ್ಲಿ ಹೆಸರು ಕೊರೆದಿದ್ದಾರೆ. ಮೊರಿಸೊ ರುಜು ಹಾಕಿದ್ದು ಕ್ಯಾನ್ವಾಸಿನ ಮೂಲೆಯಲ್ಲಲ್ಲ, ಚಿತ್ರದೊಳಗಿನ ಆ ಕನ್ನಡಿಯ ಕೆಳಗೇ.